ಬರನಾಡಿನಲ್ಲಿ ಬನ್ನಿ ಉಳಿಸಿದ ಜಾಂಭೋಜಿ

ರಾಜಸ್ಥಾನದ ಪಶ್ಚಿಮ ಭಾಗ ಮರಳುಗಾಡು. ಮಳೆ ಕಡಮೆ, ಬರ ಹೆಚ್ಚು. ಅಂಥ ನೆಲದಲ್ಲೂ ಬಿಷ್ಣೋಯಿ ಜನರ ಹೊಲಗಳಲ್ಲಿ ಹಸಿರು ಮರಗಳು ಕಾಣುತ್ತವೆ. ಊರ ಮಗ್ಗುಲಲ್ಲೇ ಕೃಷ್ಣಮೃಗ, ಚಿಂಕಾರಗಳು ಅಂಜದೆ ಮೇಯುತ್ತವೆ. ಇದಕ್ಕೆ ಕಾರಣರಾದವರು ಐದು ಶತಮಾನಗಳ ಹಿಂದೆ ಬಾಳಿದ ಒಬ್ಬ ದನಗಾಹಿ. ಅವರೇ ಜಾಂಭೋಜಿ, ಗುರು ಜಂಭೇಶ್ವರ ಎಂದೂ ಹೆಸರು.

ದನ ಕಾಯ್ದ ಬಾಳು

ಜಾಂಭೋಜಿಯವರು 1451ರಲ್ಲಿ ಈಗಿನ ನಾಗೌರ್ ಜಿಲ್ಲೆಯ ಪೀಪಾಸರ್ ಗ್ರಾಮದ ರಜಪೂತ ಮನೆತನವೊಂದರಲ್ಲಿ ಜನಿಸಿದರು. ತಂದೆ ಲೋಹಟ್, ತಾಯಿ ಹಂಸಾ. ಬಾಲ್ಯದಲ್ಲಿ ಅವರು ಮಾತೇ ಆಡುತ್ತಿರಲಿಲ್ಲವೆಂದು ಪ್ರತೀತಿ. ಬೆಳೆದ ಮೇಲೆ ಬಹುಕಾಲ ದನ ಕಾಯ್ದರು. ಮದುವೆಯಾಗಲಿಲ್ಲ. ತಂದೆ ತಾಯಿ ತೀರಿಕೊಂಡ ಮೇಲೆ ಮನೆ ತೊರೆದು ಸಮ್ರಾಥಲ್ ಎಂಬ ಮರಳು ದಿಬ್ಬದ ಮೇಲೆ ನೆಲೆಸಿದರು.

ಆ ಕಾಲದಲ್ಲಿ ಭೀಕರ ಬರ ಬಿತ್ತು. ಹಸಿದ ಜನ ಮರ ಕಡಿದರು, ಪ್ರಾಣಿಗಳನ್ನು ಕೊಂದು ತಿಂದರು, ದನಕರುಗಳೊಡನೆ ಗುಳೆ ಹೊರಟರು. ಜಾಂಭೋಜಿಯವರು ಕಾಳುಕಡಿ ಒದಗಿಸಿ ಅನೇಕರನ್ನು ತಡೆದರೆಂದು ಅವರ ಅನುಯಾಯಿಗಳು ನಂಬುತ್ತಾರೆ. 1485ರಲ್ಲಿ ಅದೇ ದಿಬ್ಬದ ಮೇಲೆ ಬಿಷ್ಣೋಯಿ ಪಂಥವನ್ನು ಸ್ಥಾಪಿಸಿದರು.

ಇಪ್ಪತ್ತೊಂಬತ್ತು ನಿಯಮಗಳು

ಅಲ್ಲಿಯ ಮಾತಿನಲ್ಲಿ ಬೀಸ್ ಎಂದರೆ ಇಪ್ಪತ್ತು, ನೋಯಿ ಎಂದರೆ ಒಂಬತ್ತು. ಅವರು ವಿಧಿಸಿದ 29 ನಿಯಮಗಳಿಂದಲೇ ಪಂಥಕ್ಕೆ ಈ ಹೆಸರು ಬಂದಿತೆಂದು ಹೇಳುವರು. ದಿನವೂ ಸ್ನಾನ ಮಾಡಬೇಕು, ನೀರು ಹಾಲು ಸೋಸಿ ಬಳಸಬೇಕು, ಹೆಂಡ ಅಫೀಮು ತಂಬಾಕು ಮುಟ್ಟಬಾರದು. ಹಸಿ ಮರ ಕಡಿಯಬಾರದು, ಜೀವಿಗಳ ಮೇಲೆ ದಯೆ ಇರಬೇಕು, ಸೌದೆಯನ್ನು ಹುಳುವಿಲ್ಲದಂತೆ ನೋಡಿ ಒಲೆಗಿಡಬೇಕು. ಬಿಷ್ಣೋಯಿಗಳು ಶವವನ್ನು ಸುಡದೆ ಹೂಳುವುದರಿಂದಲೂ ಕಟ್ಟಿಗೆ ಉಳಿಯುತ್ತದೆ.

ರೈತರು ಗಮನಿಸಬೇಕಾದ ಅಂಶವೊಂದಿದೆ. ಅಲ್ಲಿ ಹೀಗೆ ಉಳಿದ ಮುಖ್ಯ ಮರ ಖೇಜಡಿ. ಅಂದರೆ ನಮ್ಮ ಬನ್ನಿ. ವಿಜಯದಶಮಿಯಂದು ನಾವು ಪೂಜಿಸುವ ಮರವೇ ಇದು. ಇದರ ಬೇರು ಬಹಳ ಆಳಕ್ಕಿಳಿದು ತೇವ ಹುಡುಕುತ್ತದೆ. ದ್ವಿದಳ ಜಾತಿಯದಾದ್ದರಿಂದ ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಉದುರಿದ ಎಲೆ ಗೊಬ್ಬರವಾಗುತ್ತದೆ. ಮರದ ಬುಡದಲ್ಲೂ ಸಜ್ಜೆ ಬೆಳೆಯುತ್ತದೆ. ಸೊಪ್ಪು ಒಂಟೆ, ಆಡು, ದನಗಳಿಗೆ ಮೇವು. ಎಳೆ ಕಾಯಿ ಮನೆಗೆ ಪಲ್ಯ. ಬೆಳೆ ಕೈಕೊಟ್ಟ ವರ್ಷವೂ ಮರ ಕೈಬಿಡುವುದಿಲ್ಲ. ದನ ಕಾಯ್ದ ಮನುಷ್ಯ ಮರ ಕಾಯಲು ಹೇಳಿದ್ದರಲ್ಲಿ ಧರ್ಮದಷ್ಟೇ ಒಕ್ಕಲುತನದ ವಿವೇಕವೂ ಇತ್ತು.

ಮರಕ್ಕಾಗಿ ಪ್ರಾಣ

ಜಾಂಭೋಜಿಯವರು 1536ರಲ್ಲಿ ತೀರಿಕೊಂಡರು. ಬಿಕಾನೇರ್ ಜಿಲ್ಲೆಯ ನೋಖಾ ಬಳಿಯ ಮುಕಾಮ್‌ನಲ್ಲಿ ಅವರ ಸಮಾಧಿಯಿದೆ. ಅವರ ಮಾತು ಎಷ್ಟು ಆಳವಾಗಿ ಬೇರೂರಿತ್ತೆಂಬುದು ಸುಮಾರು ಇನ್ನೂರು ವರ್ಷಗಳ ನಂತರ ತಿಳಿಯಿತು. 1730ರಲ್ಲಿ ಜೋಧಪುರದ ಅರಮನೆ ಕೆಲಸಕ್ಕೆ ಸುಣ್ಣ ಸುಡಲು ಸೌದೆ ಬೇಕಾಯಿತು. ರಾಜನ ಆಳುಗಳು ಖೇಜಡ್ಲಿ ಗ್ರಾಮದ ಬನ್ನಿ ಮರಗಳಿಗೆ ಕೊಡಲಿ ಎತ್ತಿದರು. ಅಮೃತಾದೇವಿ ಎಂಬ ಗೃಹಿಣಿ ಮರವನ್ನು ತಬ್ಬಿ ನಿಂತು ಪ್ರಾಣ ಕೊಟ್ಟಳು; ಆಕೆಯ ಮೂವರು ಹೆಣ್ಣುಮಕ್ಕಳೂ ಹಾಗೆಯೇ ಮಡಿದರು. ಸುತ್ತಲ ಹಳ್ಳಿಗಳವರೂ ಸೇರಿ ಒಟ್ಟು 363 ಮಂದಿ ಬಲಿಯಾದರು. ಸುದ್ದಿ ತಿಳಿದ ಮಹಾರಾಜ ಅಭಯಸಿಂಗ್ ಬಿಷ್ಣೋಯಿ ಗ್ರಾಮಗಳಲ್ಲಿ ಮರ ಕಡಿಯುವುದನ್ನೂ ಬೇಟೆಯನ್ನೂ ನಿಷೇಧಿಸಿದನು.

ನಮ್ಮ ಹೊಲದಲ್ಲಿ

ಜಿಂಕೆ ಹೊಲಕ್ಕೆ ನುಗ್ಗಿದರೆ ಬಿಷ್ಣೋಯಿ ರೈತರಿಗೂ ನಷ್ಟವೇ. ಆದರೂ ಅದನ್ನು ಸಹಿಸಿ, ತಾಯಿ ಸತ್ತ ಮರಿಗಳನ್ನು ಮನೆಮಕ್ಕಳಂತೆ ಸಾಕುತ್ತಾರೆ. ರಾಣೆಬೆನ್ನೂರು ಸುತ್ತಿನ ರೈತರಿಗೆ ಕೃಷ್ಣಮೃಗದ ಕಾಟ ಹೊಸದಲ್ಲ. ಬೆಳೆ ಹಾನಿಯಾದರೆ ಉರುಲು, ವಿದ್ಯುತ್ ತಂತಿಗಳ ಮೊರೆ ಹೋಗದೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಬೇಕು. ಕೃಷ್ಣಮೃಗವನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ.

ಇನ್ನು ಬನ್ನಿ. ಬದುವಿನಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಬಳ್ಳಾರಿ ಜಾಲಿಯೆಂದು ತಪ್ಪು ತಿಳಿದು ಕೀಳಬೇಡಿ. ಗುರುತಿಸಿ ಮುಳ್ಳುಬೇಲಿ ಕಟ್ಟಿ, ಮೊದಲ ಕೆಲವು ವರ್ಷ ಆಡುಗಳಿಂದ ಕಾಯಿರಿ. ಬನ್ನಿ ನಿಧಾನವಾಗಿ ಬೆಳೆಯುವ ಮರ. ಇಂದು ಉಳಿಸಿದ ಸಸಿ ಮಕ್ಕಳ ಕಾಲದ ಬರಕ್ಕೆ ಮೇವಾದೀತು.