ಸೌದೆಯ ಹೊರೆ ಹೊತ್ತ ಶರಣ: ಉರಿಲಿಂಗಪೆದ್ದಿ

12ನೆಯ ಶತಮಾನದ ವಚನಕಾರರಲ್ಲಿ ಶ್ರುತಿ, ಆಗಮ, ಪುರಾಣಗಳ ಸಂಸ್ಕೃತ ವಾಕ್ಯಗಳನ್ನು ಹೇರಳವಾಗಿ ಬಳಸಿದವರ ಸಾಲಿನಲ್ಲಿ ಉರಿಲಿಂಗಪೆದ್ದಿಗಳ ಹೆಸರು ಮುಂದೆ ನಿಲ್ಲುತ್ತದೆ. ಅವರ 366 ವಚನಗಳು ನಮಗೆ ದೊರೆತಿವೆ. ಅವುಗಳನ್ನು ಮಾತ್ರ ಓದಿದವರು, ಬಾಲ್ಯದಿಂದಲೇ ಗುರುಕುಲದಲ್ಲಿ ಬೆಳೆದು ಶಾಸ್ತ್ರಗಳನ್ನು ಕಂಠಸ್ಥ ಮಾಡಿಕೊಂಡ ಯಾರೋ ಪಂಡಿತರ ಬರಹವಿದು ಎಂದೇ ಭಾವಿಸಿಯಾರು. ಆದರೆ ಇವನ್ನು ಬರೆದವರು ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವರು. ಅಕ್ಷರ ಕಲಿಯುವ ಹಕ್ಕನ್ನೇ ಸಮಾಜವು ಯಾರಿಗೆ ನಿರಾಕರಿಸಿತ್ತೋ ಆ ಜನರ ನಡುವಿನಿಂದ ಬಂದವರು. ಅಷ್ಟೇ ಅಲ್ಲ, ಶರಣರಾಗುವ ಮುನ್ನ ಅವರು ಕಳ್ಳತನದಿಂದ ಬದುಕುತ್ತಿದ್ದರು.

ಆಗಿನ ಅವರ ಹೆಸರು ಪೆದ್ದಣ್ಣ. ತೆಲುಗಿನಲ್ಲಿ ಪೆದ್ದ ಎಂದರೆ ಹಿರಿಯ, ದೊಡ್ಡವ ಎಂದರ್ಥ. ಅದೇ ಸದ್ದು ನಮ್ಮ ಕನ್ನಡದಲ್ಲಿ ದಡ್ಡನೆಂಬ ಅರ್ಥ ಕೊಡುತ್ತದೆ. ಊರಿನವರು ಆ ಮನುಷ್ಯನನ್ನು ಯಾವ ಅರ್ಥದಲ್ಲಿ ಕೂಗುತ್ತಿದ್ದರು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಪರಂಪರೆಯ ಕಥನವು ಹೀಗೆ ಸಾಗುತ್ತದೆ. ಅವಸೆ ಕಂದಾರ ಎಂಬಲ್ಲಿ ಉರಿಲಿಂಗದೇವರೆಂಬ ಗುರುಗಳಿದ್ದರು. ಶಿವಲೆಂಕ ಮಂಚಣ್ಣನವರ ಶಿಷ್ಯರಾದ ಇವರೂ ವಚನಕಾರರು. ಲಿಂಗವೇ ಪತಿ, ತಾನೇ ಸತಿ ಎಂಬ ಭಾವದಲ್ಲಿ ವಚನಗಳನ್ನು ರಚಿಸಿದವರು. ಒಂದು ರಾತ್ರಿ ಪೆದ್ದಣ್ಣ ಕಳವಿಗೆಂದು ಭಕ್ತರೊಬ್ಬರ ಮನೆಯ ಬಳಿ ಹೊಂಚು ಹಾಕಿದ. ಒಳಗೆ ಉರಿಲಿಂಗದೇವರು ಆ ಭಕ್ತನಿಗೆ ಲಿಂಗದೀಕ್ಷೆ ಕೊಡುತ್ತಿದ್ದರು. ಕತ್ತಲಲ್ಲಿ ಅಡಗಿ ಕುಳಿತವನ ಕಣ್ಣೆದುರೇ ಒಬ್ಬ ಮನುಷ್ಯನ ಕೈಗೆ ಲಿಂಗ ಬಂದಿತು. ಕದಿಯಲು ಬಂದವನಿಗೆ ಆ ಮನೆಯಲ್ಲಿ ಒಯ್ಯಬೇಕೆನಿಸಿದ ವಸ್ತು ಅದೊಂದೇ ಆಯಿತು. ಅದನ್ನು ಮಾತ್ರ ಕದ್ದು ಒಯ್ಯುವಂತಿರಲಿಲ್ಲ.

ಇಂತಹ ಕಥೆಗಳನ್ನು ಹೇಳುವಾಗ ನಾವು ಸಾಮಾನ್ಯವಾಗಿ ಆ ಒಂದು ರಾತ್ರಿಯಲ್ಲೇ ಎಲ್ಲವೂ ಮುಗಿಯಿತೆಂಬಂತೆ ಹೇಳಿಬಿಡುತ್ತೇವೆ. ಪೆದ್ದಣ್ಣನ ವಿಷಯದಲ್ಲಿ ಹಾಗಾಗಲಿಲ್ಲ. ಅಂದಿನಿಂದ ಅವನು ಕಳವನ್ನು ಬಿಟ್ಟು ಕಾಡಿನ ಹಾದಿ ಹಿಡಿದ. ಪ್ರತಿದಿನ ಸೌದೆ ಕಡಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು ಉರಿಲಿಂಗದೇವರ ಮಠಕ್ಕೆ ಒಪ್ಪಿಸತೊಡಗಿದ. ಅದಕ್ಕೆ ಪ್ರತಿಯಾಗಿ ಏನನ್ನೂ ಬೇಡಲಿಲ್ಲ. ದಾಸೋಹದ ಒಲೆ ಉರಿಯಬೇಕಾದರೆ ಯಾರಾದರೂ ಸೌದೆ ತರಲೇಬೇಕು. ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವವರು ಬಡಿಸುವವರನ್ನು ನೋಡುತ್ತಾರೆ, ಹೆಚ್ಚೆಂದರೆ ಅಡುಗೆಯವರನ್ನು ನೆನೆಯುತ್ತಾರೆ. ಹಿತ್ತಿಲಲ್ಲಿ ಹೊರೆ ಇಳಿಸಿ ಹೋದವನು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನು ಹೊಲೆಗೇರಿಯವನಾದರಂತೂ ಕಣ್ಣಿಗೆ ಬೀಳದಂತೆ ಬಂದು ಹೋಗುವುದೇ ಆ ಕಾಲದ ಕಟ್ಟಳೆ. ಮಳೆ ಬಿಸಿಲೆನ್ನದೆ, ನಿನ್ನೆಯಂತೆಯೇ ಇಂದೂ ಎಂಬಂತೆ ಆ ಸೇವೆ ನಡೆಯಿತು.

ಕಡೆಗೊಂದು ದಿನ ಅವನು ಬಾಯಿ ತೆರೆದು ಕೇಳಿದ. ಕೇಳಿದ್ದು ಕೂಲಿಯನ್ನಲ್ಲ, ಲಿಂಗವನ್ನು. ಗುರುಗಳು ಸಿಟ್ಟಾಗಿ ಒಂದು ಕಲ್ಲನ್ನೆತ್ತಿ ಅವನತ್ತ ಎಸೆದರು ಎಂದು ಚರಿತ್ರೆ ಹೇಳುತ್ತದೆ. ಈ ಪ್ರಸಂಗವನ್ನು ಹೇಳುವ ಕೆಲವರು ಗುರುಗಳು ಶಿಷ್ಯನನ್ನು ಪರೀಕ್ಷಿಸಲೆಂದೇ ಹೀಗೆ ಮಾಡಿದರೆಂದು ಸಮಾಧಾನ ಕೊಡುವುದುಂಟು. ನಮಗೆ ಆ ಸಮಾಧಾನ ಬೇಕೆನಿಸುವುದಿಲ್ಲ. ದಿನವೂ ಸೌದೆ ತರುವವನನ್ನು ಗುರುಮಠವೊಂದು ಸೌದೆ ತರುವವನೆಂದಷ್ಟೇ ಕಂಡಿತು. ಅವನಿಗೂ ಶಿವನ ಹಸಿವಿರಬಹುದೆಂದು ಅದಕ್ಕೆ ತೋರಲಿಲ್ಲ. ಕಲ್ಲು ಎಸೆದ ಕೈ ಲಿಂಗದೀಕ್ಷೆ ಕೊಡುವ ಕೈಯೇ ಆಗಿತ್ತೆಂಬುದನ್ನು ನಮ್ಮ ಹಿರಿಯರು ಮರೆಮಾಚದೆ ಕಥೆಯಲ್ಲಿ ಉಳಿಸಿದ್ದಾರೆ. ಮಠದಲ್ಲಿ ಬದುಕುವ ನಾವು ಅದನ್ನು ಹಾಗೆಯೇ ಓದಬೇಕು.

ಪೆದ್ದಣ್ಣ ಆ ಕಲ್ಲನ್ನು ಎರಡೂ ಕೈಗಳಿಂದ ಎತ್ತಿಕೊಂಡ. ಗುರುವಿನ ಕೈಯಿಂದ ಬಂದದ್ದು ಲಿಂಗವಲ್ಲದೆ ಬೇರೇನಾಗಲು ಸಾಧ್ಯವೆಂದು ನಂಬಿ, ಅದನ್ನೇ ಅಂಗದ ಮೇಲೆ ಧರಿಸಿ, ಅದನ್ನೇ ಪೂಜಿಸತೊಡಗಿದ. ಸೌದೆಯ ಹೊರೆಯೂ ನಿಲ್ಲಲಿಲ್ಲ. ಈ ಸಂಗತಿ ಉರಿಲಿಂಗದೇವರಿಗೆ ತಿಳಿದಾಗ ಅವರ ಮನಸ್ಸು ಕರಗಿತು. ತಾವು ತಿರಸ್ಕಾರವಾಗಿ ಎಸೆದದ್ದನ್ನು ಈತ ಅನುಗ್ರಹವಾಗಿ ಸ್ವೀಕರಿಸಿದ್ದಾನೆಂದು ಅರಿತ ಅವರು ಪೆದ್ದಣ್ಣನನ್ನು ಬಳಿಗೆ ಕರೆದು, ವಿಧಿವತ್ತಾಗಿ ಲಿಂಗದೀಕ್ಷೆಯನ್ನಿತ್ತರು. ಆ ದಿನ ಉದ್ಧಾರವಾದವರು ಒಬ್ಬರೋ ಇಬ್ಬರೋ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ.

ಮುಂದಿನದು ಇನ್ನೂ ದೊಡ್ಡ ಮಾತು. ಗುರುವಿನ ಬಳಿ ಪೆದ್ದಣ್ಣ ವಿದ್ಯೆ ಕಲಿತರು, ಸಂಸ್ಕೃತದಲ್ಲಿ ಪಾರಂಗತರಾದರು. ಉರಿಲಿಂಗದೇವರ ನಂತರ ಅದೇ ಮಠದ ಪೀಠವನ್ನೇರಿದರು. ಹಿತ್ತಿಲಲ್ಲಿ ಸೌದೆ ಇಳಿಸುತ್ತಿದ್ದವರ ಮುಂದೆ ಮುಂಬಾಗಿಲಿನಿಂದ ಬಂದವರು ತಲೆಬಾಗಿದರು. ಇದನ್ನು ಸಹಿಸದವರು ಅವರನ್ನು ಎದುರಿಸಿದ ಬಗೆ, ಆಗ ನಡೆದ ಪವಾಡಗಳು ಕಥೆಗಳಲ್ಲಿ ವಿಸ್ತಾರವಾಗಿವೆ. ಅವುಗಳ ಬಳಿ ನಾವು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಾಗಿಲ ಹೊರಗಿದ್ದವರು ಪೀಠದ ಮೇಲೆ ಕುಳಿತದ್ದಕ್ಕಿಂತ ದೊಡ್ಡ ಪವಾಡ ಬೇಕೆ?

ಅವರ ವಚನಗಳ ಬಹುಭಾಗ ಗುರು, ಲಿಂಗ, ಜಂಗಮಗಳ ಮಹಿಮೆಗೆ ಮೀಸಲು. ಅದರಲ್ಲೂ ಗುರುವಿನ ವಿಷಯ ಬಂದಾಗ ಅವರ ಮಾತು ನಿಲ್ಲುವುದೇ ಇಲ್ಲ. ಕಲ್ಲೆಸೆದ ಗುರುವಿನ ಮೇಲೆ ಒಂದಿಷ್ಟೂ ಕಹಿ ಉಳಿಯದ ಮನಸ್ಸು ಅದು. ಆದರೆ ಜಾತಿಯ ವಿಷಯದಲ್ಲಿ ಅವರು ಮೃದುವಾಗಲಿಲ್ಲ. ಹೊರಕೇರಿಯಲ್ಲಿರುವುದರಿಂದ ಯಾರೂ ಹೊಲೆಯರಾಗುವುದಿಲ್ಲ. ಹೆತ್ತವರನ್ನು ನಿಂದಿಸುವವರು, ದಾನಕ್ಕೆ ಅಡ್ಡಬರುವವರು, ನಡೆವ ದಾರಿಗೆ ಮುಳ್ಳಿಡುವವರು ಊರೊಳಗೇ ಇದ್ದಾರೆ, ಹೊಲೆತನವೆಂಬುದು ಅವರದು ಎಂಬ ಅರ್ಥದ ವಚನ ಅವರ ಹೆಸರಿನಲ್ಲಿದೆ. ವೇದಾಗಮಗಳ ವಾಕ್ಯಗಳನ್ನು ಅವರು ಮತ್ತೆ ಮತ್ತೆ ಎತ್ತಿ ಹೇಳಿದ್ದಾದರೂ ಏಕೆ? ಪಾಂಡಿತ್ಯದ ಪ್ರದರ್ಶನಕ್ಕೆಂದು ನಮಗೆ ಅನಿಸುವುದಿಲ್ಲ. ಯಾವ ಗ್ರಂಥಗಳ ಹೆಸರು ಹೇಳಿ ತಮ್ಮವರನ್ನು ಹೊರಗಿಟ್ಟಿದ್ದರೋ ಅವೇ ಗ್ರಂಥಗಳನ್ನು ಶಿವಭಕ್ತರೆಲ್ಲ ಒಂದೇ ಎಂಬುದಕ್ಕೆ ಸಾಕ್ಷಿ ನುಡಿಸಲು ಅವರು ಕರೆತಂದರು.

ಅವರ ಧರ್ಮಪತ್ನಿ ಕಾಳವ್ವೆಯವರನ್ನು ನೆನೆಯದೆ ಈ ಜೀವನ ಪೂರ್ಣವಾಗದು. ಅವರ 12 ವಚನಗಳು ಉಳಿದಿವೆ. ಪತಿಯ ವಚನಗಳಲ್ಲಿರುವ ಶಾಸ್ತ್ರದ ಭಾರ ಅವುಗಳಲ್ಲಿಲ್ಲ. ವ್ರತವನ್ನು ಬಿಡದೆ ನಡೆಸಬೇಕೆಂಬ ನಿಷ್ಠುರ ಮಾತು, ಮಾಂಸ ತಿನ್ನುವ ಒಬ್ಬರನ್ನು ಕುಲಜರೆಂದು ಕರೆದು ಇನ್ನೊಬ್ಬರನ್ನು ಕೀಳೆನ್ನುವ ಲೋಕದ ಇಬ್ಬಗೆಯನ್ನು ನೇರವಾಗಿ ತಿವಿಯುವ ಮಾತು ಅಲ್ಲಿವೆ. ಅವರ ವಚನಗಳ ಅಂಕಿತ ಉರಿಲಿಂಗಪೆದ್ದಿಗಳರಸ. ಊರು ಹಗುರವಾಗಿ ಕೂಗುತ್ತಿದ್ದ ಹೆಸರನ್ನು ಆ ತಾಯಿ ಬಹುವಚನದ ಗೌರವದೊಡನೆ ದೇವರ ಹೆಸರಿಗೇ ಕೂಡಿಸಿದರು.

ಇಂದು ಮೈಸೂರಿನಲ್ಲಿಯೂ ಬೀದರ ಜಿಲ್ಲೆಯಲ್ಲಿಯೂ ಉರಿಲಿಂಗಪೆದ್ದಿಗಳ ಹೆಸರಿನ ಮಠಗಳಿವೆ. ಶರಣರ ಜಯಂತಿಗಳಲ್ಲಿ ನಾವೂ ಅವರ ಹೆಸರನ್ನು ಹೇಳುತ್ತೇವೆ. ಆದರೆ ನಮ್ಮ ನಮ್ಮ ಮಠಗಳ ಹಿತ್ತಿಲಿಗೆ ಈಗ ಯಾರು ಬಂದು ಹೋಗುತ್ತಿದ್ದಾರೆ, ಪಾತ್ರೆ ತೊಳೆದು, ಅಂಗಳ ಗುಡಿಸಿ, ಹೊತ್ತು ಇಳಿಸಿ ಮರಳುವ ಅವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತಿದೆ ಎಂದು ಕೇಳಿಕೊಂಡರೆ, ಕೂಡಲೇ ಉತ್ತರ ಹೊಳೆಯುವುದಿಲ್ಲ.

ಪೆದ್ದಿಗಳು ತಮ್ಮ ವಚನಗಳಿಗೆ ಇಟ್ಟುಕೊಂಡ ಅಂಕಿತ ಉರಿಲಿಂಗಪೆದ್ದಿಪ್ರಿಯ ವಿಶ್ವೇಶ್ವರ. ಕಲ್ಲೆಸೆದ ಗುರು, ಅದನ್ನು ಎತ್ತಿಕೊಂಡ ಕಳ್ಳ, ಇಬ್ಬರನ್ನೂ ಪ್ರೀತಿಸಿದ ಪರಶಿವ, ಮೂವರೂ ಆ ಒಂದೇ ಹೆಸರಿನಲ್ಲಿ ಸೇರಿದ್ದಾರೆ.