ಗಂಜಾಂನ ದೊಡ್ಡಸ್ವಾಮಿಯೋರು



ಬೆಟ್ಟ ಹತ್ತಿ ದಣಿದು ಬಂದಿದ್ದೀರಿ. ಮೇಣದ ಬತ್ತಿ ಹಚ್ಚಿ, ಹರಕೆ ತೀರಿಸಿ, ತೇರು ಹೊರಡುವ ತನಕ ಇಲ್ಲೇ ನೆರಳಲ್ಲಿ ಕೂತ್ಕೊಂಡು ಈ ಪುಟ ಓದಿ. ಇದು ನಮ್ಮ ಮಂಡ್ಯ ಸೀಮೆಯಲ್ಲಿ ಸೇವೆ ಮಾಡಿದ ಒಬ್ಬ ಗುರುಗಳ ಕಥೆ.

ಅವರ ಹೆಸರು ಅಬ್ಬೆ ದುಬಾಯ್. ಊರು ಫ್ರಾನ್ಸ್ ದೇಶ. 1792ರಲ್ಲಿ ಗುರುಪಟ್ಟ ಪಡೆದು ಅದೇ ವರ್ಷ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿಯ ಕ್ರೈಸ್ತರ ಪಾಡು ಹೇಳತೀರದು. 1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ತಂದಿದ್ದವರಲ್ಲಿ ಎಷ್ಟೋ ಮಂದಿ ಬಲವಂತಕ್ಕೆ ಧರ್ಮ ಬಿಟ್ಟಿದ್ದರು. ಅವರನ್ನು ಮತ್ತೆ ಒಂದುಗೂಡಿಸಲು ದುಬಾಯ್ ಗುರುಗಳು ಬಂದರು. 1800ರಲ್ಲಿ ಗಂಜಾಂನಲ್ಲಿ ದೇವಾಲಯ ಎದ್ದಿತು.

ಗುರುಗಳು ತಲೆಗೆ ರುಮಾಲು ಸುತ್ತಿ, ನಮ್ಮವರ ಹಾಗೇ ಉಟ್ಟು, ನಮ್ಮವರ ಊಟ ಮಾಡಿ, ನಮ್ಮ ಜನರ ನಡುವೆಯೇ ಇದ್ದರು. ಜನ ಪ್ರೀತಿಯಿಂದ ದೊಡ್ಡಸ್ವಾಮಿಯೋರು ಅಂದರು. ಸಿಡುಬು ಬಂದರೆ ಮನೆಗೆ ಮನೆಯೇ ಖಾಲಿಯಾಗುತ್ತಿದ್ದ ಕಾಲ ಅದು. ದಾಕು ಅಂದರೆ ಜನ ಹೆದರುತ್ತಿದ್ದರು. 1803-04ರಲ್ಲಿ ದೊಡ್ಡಸ್ವಾಮಿಯೋರು 25,432 ಜನಕ್ಕೆ ದಾಕು ಹಾಕಿಸಿದರು. ಹಾಸನ ಸೀಮೆಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು.

ಆದರೆ ಹಬ್ಬದ ತೇರಿನ ವಿಷಯದಲ್ಲಿ ಅವರಿಗೆ ಸಮಾಧಾನವಿರಲಿಲ್ಲ. ತಮಟೆ, ಕೊಂಬು, ಪಂಜು, ಬಾಣಬಿರುಸು ಎಲ್ಲಾ ಜೋರು, ಭಕ್ತಿ ಮಾತ್ರ ಕಡಿಮೆ ಎಂದು ನೊಂದರು. ಇಷ್ಟು ವರ್ಷ ದುಡಿದರೂ ನಿಜಮನಸ್ಸಿನ ಭಕ್ತರು ಸಿಕ್ಕಿದ್ದು ಕೆಲವರೇ ಎಂಬ ಕೊರಗಿನಲ್ಲೇ 1823ರಲ್ಲಿ ತಾಯ್ನಾಡಿಗೆ ಮರಳಿದರು. 1848ರ ಫೆಬ್ರವರಿ 17ರಂದು ಪ್ಯಾರಿಸ್‌ನಲ್ಲಿ ಪ್ರಭುವಿನ ಪಾದ ಸೇರಿದರು.

ತಾನು ಸೋತೆ ಎಂದುಕೊಂಡು ಹೋದ ಗುರುಗಳನ್ನು ಜನ ಮಾತ್ರ ಮರೆಯಲಿಲ್ಲ. ದಾಕಿನಿಂದ ಬದುಕಿದ ಮಕ್ಕಳು, ಉಳುಮೆ ಕಂಡ ಹೊಲಗಳು ಅವರ ಪರವಾಗಿ ಸಾಕ್ಷಿ ಹೇಳಿದವು.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಬಂದವರು ಬಿಡುವಾದಾಗ ಗಂಜಾಂಗೂ ಹೋಗಿಬನ್ನಿ. ಇವತ್ತು ತೇರು ಎಳೆಯಿರಿ, ವಾದ್ಯವೂ ಇರಲಿ, ತಪ್ಪಲ್ಲ. ಆದರೆ ತೇರಿನ ಹಗ್ಗ ಹಿಡಿದ ಕೈ ನಾಳೆ ಊರಲ್ಲಿ ಪಕ್ಕದ ಮನೆಯ ರೋಗಿಗೆ ಒಂದು ಲೋಟ ಗಂಜಿ ಕೊಡುತ್ತದೋ ಇಲ್ಲವೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ದೊಡ್ಡಸ್ವಾಮಿಯೋರು ಕಾದಿದ್ದು ಆ ಭಕ್ತಿಗೆ.

ಮಾತೆ ಮರಿಯಮ್ಮನವರು ನಿಮ್ಮೆಲ್ಲರನ್ನೂ ಸುಖವಾಗಿ ಮನೆ ಸೇರಿಸಲಿ. ಆಮೆನ್.