ಕಡಲ ನೀರಿನ ಬಣ್ಣಕ್ಕೆ ಕಾರಣ ಹುಡುಕಿದ ಜೇಮ್ಸ್ ಹಾರ್ನೆಲ್

ಮುಂಗಾರು ಮುಗಿಯುವ ಹೊತ್ತಿಗೆ ಮಲಬಾರ್ ಕರಾವಳಿಯ ನೀರು ಒಮ್ಮೊಮ್ಮೆ ಹಸಿರಾಗಿಯೋ ಕೆಂಪಾಗಿಯೋ ತಿರುಗುವುದುಂಟು. ಕೆಲವು ವರ್ಷ ಅದರ ಹಿಂದೆಯೇ ಮೀನುಗಳು ಸತ್ತು ದಡಕ್ಕೆ ಬೀಳುತ್ತವೆ. ಮೀನುಗಾರರಿಗೆ ಇದು ಹಳೆಯ ಅನುಭವ. ಆದರೆ ಕಾರಣವನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿದ ಮೊದಲಿಗರಲ್ಲಿ ಒಬ್ಬರು ಜೇಮ್ಸ್ ಹಾರ್ನೆಲ್.

1865ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಹಾರ್ನೆಲ್, ಜರ್ಸಿ ದ್ವೀಪದಲ್ಲಿ ಕಡಲ ಜೀವಿಗಳ ಅಧ್ಯಯನ ಕೇಂದ್ರವೊಂದನ್ನು ನಡೆಸುತ್ತಿದ್ದರು. 1902ರಲ್ಲಿ ಮುತ್ತಿನ ಸಿಂಪಿಯ ಪರಿಶೀಲನೆಗಾಗಿ ಸಿಂಹಳಕ್ಕೆ ಬಂದರು. ಅಲ್ಲಿಂದ ಮುಂದೆ ಮದರಾಸು ಸರ್ಕಾರದ ಮೀನುಗಾರಿಕೆ ಇಲಾಖೆ ಸೇರಿ, 1918ರಲ್ಲಿ ಅದರ ನಿರ್ದೇಶಕರಾದರು. ನಮ್ಮ ದಕ್ಷಿಣ ಕನ್ನಡವೂ ಆಗ ಮದರಾಸು ಪ್ರಾಂತಕ್ಕೇ ಸೇರಿತ್ತು.

ಕಚೇರಿಯಲ್ಲಿ ಕುಳಿತು ಆಡಳಿತ ನಡೆಸಿದವರು ಇವರಲ್ಲ. 1908ರಲ್ಲಿ ಮಲಬಾರ್ ತೀರ ಮತ್ತು ಲಕ್ಷದ್ವೀಪಗಳ ಕಡೆ ಕಡಲ ಪ್ರವಾಸ ಮಾಡಿ ಮೀನುಗಾರಿಕೆಯ ಸ್ಥಿತಿ ನೋಡಿದರು. ಶಂಖ, ದೋಣಿ, ಬಲೆ ಎಲ್ಲದರ ಬಗೆಗೂ ಬರೆದರು. ಫ್ರಾನ್ಸಿನ ಸಿಂಪಿ ಕೃಷಿಯನ್ನು ಅಭ್ಯಾಸ ಮಾಡಿ, ಮದರಾಸಿನ ಉತ್ತರಕ್ಕಿರುವ ಪುಲಿಕಾಟ್ ಸರೋವರದಲ್ಲಿ ಅದರ ಪ್ರಯೋಗಕ್ಕೆ ಕೈಹಾಕಿದರು.

ಮೀನುಗಳ ಸಾಮೂಹಿಕ ಸಾವಿಗೆ ಕಣ್ಣಿಗೆ ಕಾಣದ ಒಂದೇ ಕೋಶದ ಜೀವಿಯೊಂದು ಕಾರಣವೆಂದು 1917ರಲ್ಲಿ ಅವರು ಇಲಾಖೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ ರಾಮಸ್ವಾಮಿ ನಾಯುಡು ಅವರೊಡನೆ ಬೂತಾಯಿ ಮೀನಿನ ಜೀವನಕ್ರಮವನ್ನೂ ಅದು ತಿನ್ನುವ ತೇಲುಜೀವಿಗಳನ್ನೂ ಅಭ್ಯಸಿಸಿದರು. ಮಳೆಗಾಲದಲ್ಲಿ ತಳದ ತಣ್ಣೀರು ಸಾರಾಂಶಗಳನ್ನು ಹೊತ್ತು ಮೇಲೆ ಬರುತ್ತದೆ. ಗೊಬ್ಬರ ಹಾಕಿದ ಗದ್ದೆಯಲ್ಲಿ ಪೈರಿನ ಜೊತೆ ಕಳೆಯೂ ಹುಲುಸಾಗುವಂತೆ, ಆಗ ಮೀನಿಗೆ ಮೇವಾಗುವ ಪಾಚಿಯ ಜೊತೆ ಕೆಡುಕಿನದೂ ಬೆಳೆಯುತ್ತದೆ. ಹಾಗಾಗಿ ಬಣ್ಣ ಬಂದ ನೀರೆಲ್ಲ ವಿಷವಲ್ಲ. ಆದರೆ ಪರೀಕ್ಷಿಸದೆ ನಂಬುವಂತೆಯೂ ಇಲ್ಲ.

1924ರಲ್ಲಿ ನಿವೃತ್ತರಾದ ಹಾರ್ನೆಲ್, ಲೋಕದ ನಾನಾ ಕಡೆಯ ದೋಣಿಗಳ ಅಧ್ಯಯನದಿಂದ ಇನ್ನಷ್ಟು ಹೆಸರಾಗಿ 1949ರಲ್ಲಿ ತೀರಿಕೊಂಡರು. ಐದು ವರ್ಷಗಳ ನಂತರ, ಕಲ್ಲಿಕೋಟೆಯ ಕಡಲನ್ನು ಹಸಿರಾಗಿಸಿ ಜಲಚರಗಳನ್ನು ಕೊಂದ ಪಾಚಿಯೊಂದನ್ನು ವಿಜ್ಞಾನಿ ಆರ್. ಸುಬ್ರಹ್ಮಣ್ಯನ್ ವಿವರಿಸಿದರು. ಹಾರ್ನೆಲ್ ಅವರ ನೆನಪಿಗೆ ಅದಕ್ಕೆ 'ಹಾರ್ನೆಲಿಯ ಮರೀನ' ಎಂದು ಹೆಸರಿಟ್ಟರು. 1982ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು 'ಚಟ್ಟೊನೆಲ್ಲ' ಕುಲಕ್ಕೆ ಸೇರಿಸಿದ ಮೇಲೆ ಹಳೆಯ ಹೆಸರು ಬಿಟ್ಟುಹೋಯಿತು.

ಈ ಕುಲದ ಪಾಚಿ ಎಷ್ಟು ಅಪಾಯಕಾರಿ ಎಂಬುದು ಅದಕ್ಕೂ ಮೊದಲೇ ಜಪಾನಿನಲ್ಲಿ ತಿಳಿದಿತ್ತು. 1972ರ ಬೇಸಗೆಯಲ್ಲಿ ಅಲ್ಲಿಯ ಸೆಟೊ ಒಳಗಡಲಿನಲ್ಲಿ ಸಾಕಿದ್ದ ಸುಮಾರು 1 ಕೋಟಿ 40 ಲಕ್ಷ ಹಮಾಚಿ ಮೀನು ಇದರಿಂದ ಸತ್ತವು. ನಷ್ಟ ಸುಮಾರು 710 ಕೋಟಿ ಯೆನ್. ಈ ಪಾಚಿ ಕಿವಿರುಗಳನ್ನು ಕೆಡಿಸುವುದರಿಂದ ಮೀನು ಉಸಿರುಗಟ್ಟಿ ಸಾಯುತ್ತದೆ. ಬಯಲು ಕಡಲಿನ ಮೀನು ಕೆಟ್ಟ ನೀರು ಬಿಟ್ಟು ಓಡೀತು. ಪಂಜರದ ಮೀನಿಗೆ ಆ ದಾರಿಯಿಲ್ಲ.

ಇಂದು ನಮ್ಮ ಕರಾವಳಿಯಲ್ಲೂ ಪಂಜರದಲ್ಲಿ ಮೀನು, ಹಗ್ಗದಲ್ಲಿ ಪಚ್ಚಿಲೆ ಬೆಳೆಯುವವರಿದ್ದಾರೆ. ಮಳೆಗಾಲದ ಕೊನೆಯ ವಾರಗಳಲ್ಲಿ ಅವರು ದಿನವೂ ನೀರಿನ ಬಣ್ಣ ನೋಡುವುದು ಒಳ್ಳೆಯದು. ಬಣ್ಣ ಬದಲಾಗಿ ಮೀನು ಮೇಲೆ ಬಂದು ಬಾಯಿ ಬಿಡತೊಡಗಿದರೆ ಕೂಡಲೇ ಮೇವು ನಿಲ್ಲಿಸಬೇಕು, ಏಕೆಂದರೆ ಮೇವು ತಿಂದ ಮೀನಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಸಾಧ್ಯವಿದ್ದರೆ ಪಂಜರವನ್ನು ತಿಳಿನೀರಿಗೆ ಎಳೆಯಬೇಕು. ಒಂದು ಬಾಟಲಿ ನೀರನ್ನು ಮೀನುಗಾರಿಕೆ ಇಲಾಖೆಯವರಿಗೆ ತಲುಪಿಸಬೇಕು. ಸತ್ತ ಮೀನು ಮಾರಬಾರದು. ಕೆಲವು ಪಾಚಿಗಳ ವಿಷ ಚಿಪ್ಪುಜೀವಿಗಳಲ್ಲಿ ಸೇರಿಕೊಳ್ಳುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಆದ್ದರಿಂದ ಇಲಾಖೆ ಹೇಳುವವರೆಗೆ ಪಚ್ಚಿಲೆ ಕೀಳದಿರುವುದೇ ಕ್ಷೇಮ.

ಹಾರ್ನೆಲ್ ಅವರ ಹೆಸರು ಪಾಚಿಯಿಂದ ಅಳಿಸಿಹೋದರೂ, ನೀರನ್ನು ಹತ್ತಿರದಿಂದ ನೋಡಿ ಕಾರಣ ತಿಳಿಯುವ ಅವರ ಪದ್ಧತಿ ಇಂದಿಗೂ ಕೃಷಿಕನನ್ನು ಕಾಯಬಲ್ಲದು.